ಕೆ.ಟಿ. ದೊಡ್ಡಿ ದಾರಿಯಲ್ಲಿ ನಿಂತ ಫಟ್‌ಫಟಿ

ನಾನು ಹತ್ತು ವರ್ಷದವಳಿದ್ದಾಗ ಗದ್ವಾಲದಲ್ಲಿ ಮೋಟರ್ ಸೈಕಲ್ ಇದ್ದವರು ಬೆರಳೆಣಿಕೆಯ ಮಂದಿ. ಓಣಿಯ ತುದಿಯಲ್ಲಿ ಸದ್ದು ಕೇಳಿದರೆ ಸಾಕು, ಯಾರು ಬಂದರೆಂದು ಅಡುಗೆಮನೆಯಲ್ಲಿ ಕೂತವರೂ ಹೇಳುತ್ತಿದ್ದರು. ನಿಮ್ಮೂರಲ್ಲೂ ಅಂಥದ್ದೊಂದು ಇದ್ದಿರಬೇಕು. ನಮ್ಮದು ದನದ ದವಾಖಾನೆಯ ಗಾಡಿ. ಅಪ್ಪ ಅಲ್ಲಿನ ಡಾಕ್ಟರ್. ಜನ ಗಾಡಿಯನ್ನು ಫಟ್‌ಫಟಿ ಎಂದೂ ಅಪ್ಪನನ್ನು ಸಾಬ್ರು ಎಂದೂ ಕರೆಯುತ್ತಿದ್ದರು.

ನಾನು ಹೈದರಾಬಾದಿನ ಒಂದು ಕಾನ್ವೆಂಟಿನಲ್ಲಿ ಬೋರ್ಡರ್. ಬೇಸಿಗೆ ಹಾಲಿಡೇಸ್‌ಗೆ ಮಾತ್ರ ಊರಿಗೆ ಬರುತ್ತಿದ್ದೆ. ಆ ವರ್ಷ ನನಗೆ ಗುಡ್ ಕಂಡಕ್ಟ್‌ಗೆ ಫಸ್ಟ್ ಪ್ರೈಜ್ ಬಂದಿತ್ತು. ಕೇಳದ ಹೊರತು ಮಾತಾಡದಿರುವುದು, ದೊಡ್ಡವರ ಮಾತಿನ ನಡುವೆ ಬಾಯಿ ಹಾಕದಿರುವುದು, ಇದಕ್ಕೆ ಕೊಟ್ಟ ಪ್ರೈಜ್. ಅವ್ವ ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಳು.

ಹಾಲಿಡೇಸ್‌ನಲ್ಲಿ ಅಪ್ಪ ಹಳ್ಳಿಗಳಿಗೆ ಹೋಗುವಾಗ ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದರು. ಬೆನ್ನಿಗೆ ಕೆನ್ನೆ ಒತ್ತಿದರೆ ಫಿನಾಯಿಲ್, ಬೆವರು, ಪೆಟ್ರೋಲ್ ಮೂರೂ ಬೆರೆತ ವಾಸನೆ. ಆ ಸಲ ಹೋದದ್ದು ಕೆ.ಟಿ. ದೊಡ್ಡಿಯ ಕಡೆಗೆ, ಮಾಳಪ್ಪನ ಕುರಿಹಟ್ಟಿಗೆ. ಪಕ್ಕದ ಹಿಂಡಿನಲ್ಲಿ ಕುರಿ ಸಿಡುಬು ಬಿದ್ದಿತ್ತು. ಎರಡೂ ಹಿಂಡು ಒಂದೇ ಕುಂಟೆಯ ನೀರು ಕುಡಿಯುತ್ತಿದ್ದವು. ಮಾಳಪ್ಪನ ಕುರಿಗಳಿಗೆ ಇನ್ನೂ ತಗುಲಿರಲಿಲ್ಲ. ಹೈದರಾಬಾದಿನಿಂದ ಐಸಿನಲ್ಲಿ ಲಸಿಕೆ ತರಿಸಿ ಚುಚ್ಚಿದರೆ ಉಳಿಯುತ್ತವೆ, ಅಲ್ಲಿಯವರೆಗೆ ಆ ಕುಂಟೆಯ ಹತ್ತಿರ ಬಿಡಬೇಡ ಎಂದು ಅಪ್ಪ ಹೇಳಿದರು. ಮಾಳಪ್ಪ ಅಂದಿನಿಂದಲೇ ಕುರಿಗಳನ್ನು ಎರಡು ಮೈಲಿ ದೂರದ ಹಳ್ಳಕ್ಕೆ ನೀರಿಗೆ ಹೊಡೆಯತೊಡಗಿದ.

ಅವರಿಬ್ಬರ ಮಾತು ಮುಗಿಯುವವರೆಗೆ ನಾನು ಮಾಳಪ್ಪನ ಮಗಳು ಬೀರವ್ವನ ಜೊತೆ ಕಲ್ಲಾಟ ಆಡಿದೆ. ನನ್ನದೇ ವಯಸ್ಸು. ಐದು ಕಲ್ಲು ಮೇಲೆಸೆದು ಹಿಂಗೈಯಲ್ಲಿ ಹಿಡಿಯುವಾಗ ಅವಳದೊಂದೂ ಬೀಳುತ್ತಿರಲಿಲ್ಲ. ನನ್ನವು ಬಿದ್ದಾಗಲೆಲ್ಲ, "ಸಾಲ್ಯಾಗ ಇದೊಂದು ಕಲಿಸಾಂಗಿಲ್ಲೇನ ನಿಮಗ?" ಅನ್ನುತ್ತಿದ್ದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ ತಿಂದೆವು. ಕೈಗೆ ಹತ್ತಿದ ಕುರಿಯ ವಾಸನೆ ಸೋಪಿಗೆ ಹೋಗಲಿಲ್ಲ.

ಹೊರಡುವಾಗ ಮಾಳಪ್ಪ ಸೊಂಟದ ಚೀಲದಿಂದ ಮೈಲಾರಲಿಂಗನ ಭಂಡಾರ ತೆಗೆದ. ಅಪ್ಪನ ಹಣೆಗೆ ಹಚ್ಚಿದ, ನನಗೂ ಹಚ್ಚಿದ. ಉಳಿದ ಅರಿಶಿನಕ್ಕೆ ನಾಲ್ಕು ಹನಿ ಎಣ್ಣೆ ಕಲಸಿ ಗಾಡಿಗೆ ಎಲ್ಲಿ ಹಚ್ಚಲಿ ಎಂದು ನೋಡಿದ. ಪೆಟ್ರೋಲ್ ಟ್ಯಾಂಕಿನ ಮೇಲಿನ ಹೊಳೆಯುವ ಮುಚ್ಚಳವೇ ಅದರ ನೆತ್ತಿ ಅನ್ನಿಸಿರಬೇಕು. ಅದಕ್ಕೇ ದಪ್ಪಗೆ ಮೆತ್ತಿದ. ಅಪ್ಪನಿಗೆ ದೇವರ ಮೇಲೆ ಅಂಥ ನಂಬಿಕೆ ಇರಲಿಲ್ಲ, ಆದರೆ ಒರೆಸಲಿಲ್ಲ. ಅವರು ಹಾಗೆಯೇ, ಪ್ರಾಪರ್ ಜೆಂಟಲ್‌ಮನ್.

ಅಂದೇ ವಾಪಸು ಬರುವಾಗ ದಾರಿಯಲ್ಲಿ ಗಾಡಿ ಉಸಿರು ಕಟ್ಟಿದಂತೆ ನಿಂತಿತು. ಪೆಟ್ರೋಲ್ ತೀರಿತೇನೋ ಎಂದು ಅಪ್ಪ ಮುಚ್ಚಳ ತಿರುಗಿಸಿದರು. ಸುಸ್ಸೆಂದು ಸಣ್ಣ ಸದ್ದಾಯಿತು, ಒಳಗೆ ಯಾರೋ ಗಾಳಿ ಎಳೆದುಕೊಂಡ ಹಾಗೆ. ನನ್ನ ಕಿವಿ ಹತ್ತಿರವಿತ್ತು. ಪೆಟ್ರೋಲ್ ಇತ್ತು. ಕಿಕ್ ಹೊಡೆದರು, ಸ್ಟಾರ್ಟ್ ಆಯಿತು. ಮನೆ ಸೇರಿದೆವು.

ಮರುದಿನ ಇಸ್ಮಾಯಿಲ್ ಮಿಸ್ತ್ರಿ ಕಾರ್ಬೊರೇಟರ್ ಬಿಚ್ಚಿದ. ಪೆಟ್ರೋಲ್ ಹಾಯುವ ಹಿತ್ತಾಳೆಯ ಸಣ್ಣ ಜೆಟ್ಟನ್ನು ತುಟಿಗಿಟ್ಟು ಊದಿ, ಬಿಸಿಲಿಗೆ ಹಿಡಿದು ನೋಡಿದ. "ಕಚರಾ ಕುಂತಿತ್ರೀ ಸಾಬ್, ಈಗ ಸಾಫ್" ಅಂದ. ಬಜಾರದಲ್ಲಿ ಒಂದು ಸುತ್ತು ಹೊಡೆದು ತಂದ. ಒಂದು ಸುತ್ತಿಗೆ ಅದು ಯಾಕೆ ನಿಂತೀತು?

ಲಸಿಕೆ ಬಂದದ್ದು ಆರನೆಯ ದಿನ, ಬೆಳಗಿನ ರೈಲಿಗೆ. ದೊಡ್ಡ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು, ಐಸಿನ ನಡುವೆ ಗಾಜಿನ ಸಣ್ಣ ಸೀಸೆಗಳು. ಮಧ್ಯಾಹ್ನದೊಳಗೆ ಚುಚ್ಚಿ ಮುಗಿಸಬೇಕು, ಐಸು ಕರಗಿ ಬೆಚ್ಚಗಾದರೆ ಸೀಸೆಯಲ್ಲಿರುವುದು ಬರೀ ನೀರು ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದರು. ದಾರಿಯಲ್ಲಿ ತೊಂದರೆಯಾಗಬಾರದೆಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿದರು. ಫ್ಲಾಸ್ಕನ್ನು ಮಡಿಲಲ್ಲಿ ಹಿಡಿಯುವ ಕೆಲಸ ನನ್ನದು.

ಎರಡು ಮೈಲಿಗೆ ಗಾಡಿ ನಿಂತಿತು. ಟ್ಯಾಂಕ್ ಫುಲ್ ಎಂದು ಗೊತ್ತಿದ್ದರಿಂದ ಅಪ್ಪ ಮುಚ್ಚಳಕ್ಕೆ ಕೈ ಹಾಕಲೇ ಇಲ್ಲ. ಕಾರ್ಬೊರೇಟರಿನಿಂದ ಪೈಪ್ ಕಿತ್ತರು. ಪೆಟ್ರೋಲ್ ನಾಲ್ಕು ಹನಿ ತೊಟ್ಟಿಕ್ಕಿ ನಿಂತಿತು. ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಕಸ ಸಿಕ್ಕಿದೆ ಎಂದುಕೊಂಡು ಪೈಪಿಗೆ ಬಾಯಿಟ್ಟು ಜೋರಾಗಿ ಊದಿದರು. ಟ್ಯಾಂಕಿನೊಳಗೆ ಗುಳುಗುಳು ಅಂದಿತು, ಪೆಟ್ರೋಲ್ ಸುರಿಯಿತು. "ಹೋತು ನೋಡು ಕಸ" ಅಂದರು. ಮತ್ತೊಂದು ಮೈಲಿ. ಮತ್ತೆ ನಿಂತಿತು. ಮತ್ತೆ ಊದಿದರು. ಆಮೇಲೆ ನಲ್ಲಿ ಮುಚ್ಚಿ ಅದರ ಕೆಳಗಿನ ಬಟ್ಟಲು ಬಿಚ್ಚಿದರು, ಜಾಲರಿ ತೊಳೆದರು, ಪ್ಲಗ್ ಉಜ್ಜಿದರು. ಪ್ರತಿ ಸಲವೂ ಸ್ಟಾರ್ಟ್ ಆಗುತ್ತಿತ್ತು. ಅದೇ ಮೋಸ. ಒಂದೇ ಸಲಕ್ಕೆ ಸತ್ತುಹೋಗಿದ್ದರೆ ಅಪ್ಪ ಯಾವುದಾದರೂ ಎತ್ತಿನ ಗಾಡಿ ಹುಡುಕುತ್ತಿದ್ದರು.

ನಾನು ಬೇವಿನ ನೆರಳಲ್ಲಿ ಫ್ಲಾಸ್ಕ್ ಹಿಡಿದು ಕೂತಿದ್ದೆ. ಕ್ಲಾಸಿನಲ್ಲಿ ಸಿಸ್ಟರ್ ಕಂಡೆನ್ಸ್‌ಡ್ ಮಿಲ್ಕಿನ ಡಬ್ಬಿಗೆ ಒಂದು ತೂತು ಹೊಡೆದು ಬಗ್ಗಿಸಿದ್ದರು, ಹಾಲು ಬೀಳಲಿಲ್ಲ. ಎದುರು ಬದಿಗೆ ಇನ್ನೊಂದು ತೂತು ಹೊಡೆದರು, ಬಿತ್ತು. ಗಾಳಿ ಒಳಗೆ ಹೋಗದೆ ಹಾಲು ಹೊರಗೆ ಬರುವುದಿಲ್ಲ, ಗರ್ಲ್ಸ್. ನನಗೆ ಅದು ನೆನಪಾಯಿತು. ಸುಸ್ಸೆಂದ ಸದ್ದೂ ನೆನಪಾಯಿತು. ಎರಡೂ ಒಂದಕ್ಕೊಂದು ಕೂಡಿಕೊಂಡವು. ಈಗ ಮುದುಕಿಯಾದ ಮೇಲೆ ಕಟ್ಟಿಕೊಂಡ ಕತೆಯಲ್ಲ ಇದು, ಆವತ್ತೇ ಕೂಡಿಕೊಂಡವು.

"ಅಪ್ಪಾ, ಆ ಮುಚ್ಚಳ..." ಅಂದೆ.

"ಸುಮ್ನ ಕೂಡು, ಬೇಬಿ. ಫ್ಲಾಸ್ಕ್ ನೆಳ್ಳಾಗ ಇಟ್ಟಿಯಿಲ್ಲೋ?"

ಅವರ ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು, ತುಟಿ ಪೆಟ್ರೋಲಿಗೆ ಬೆಳ್ಳಗಾಗಿತ್ತು. ನಾನು ಸುಮ್ಮನೆ ಕೂತೆ. ಆಮೇಲೆ ಎಷ್ಟು ಸಲ ಗಾಡಿ ನಿಂತಿತೋ ಅಷ್ಟು ಸಲವೂ ಸುಮ್ಮನೆ ಕೂತೆ.

ಹಟ್ಟಿ ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು. ಅಪ್ಪ ಹೇಳಿಕಳಿಸಿದಂತೆ ಮಾಳಪ್ಪ ಬೆಳಗಿನಿಂದ ಕುರಿಗಳನ್ನು ಮೇವಿಗೂ ನೀರಿಗೂ ಬಿಡದೆ ತಡಿಕೆಯೊಳಗೆ ಕೂಡಿಹಾಕಿದ್ದ. ಅವುಗಳ ಅರಚಾಟಕ್ಕೆ ಮಾತು ಕೇಳುತ್ತಿರಲಿಲ್ಲ. ಅಪ್ಪ ಫ್ಲಾಸ್ಕಿನ ಬಿರಡೆ ತೆಗೆದು ಒಳಗೆ ಬೆರಳು ಅದ್ದಿದರು. ಅದ್ದಿದ ಬೆರಳು ತುಸು ಹೊತ್ತು ಅಲ್ಲೇ ಇತ್ತು. ಸೀಸೆಗಳ ಚೀಟಿ ಬಿಟ್ಟುಕೊಂಡು ಉಗುರುಬೆಚ್ಚನೆಯ ನೀರಿನಲ್ಲಿ ತೇಲುತ್ತಿದ್ದವು.

ಮಾಳಪ್ಪ ಕೈ ಮುಗಿದು ನಿಂತಿದ್ದ. "ಬರ್ತೀರೋ ಇಲ್ಲೋ ಅಂತ ಜೀವ ಹೊಯ್ದಾಡಿತ್ರೀ ಸಾಬ್ರ. ಬಂದ್ರಿ. ಇನ್ನ ನಮಗೇನ ಅಂಜಿಕಿಲ್ಲ."

ಅಪ್ಪ ಅವನ ಮುಖ ನೋಡಿದರು. ಆಮೇಲೆ ಸಿರಿಂಜಿಗೆ ಸೂಜಿ ಹಾಕಿದರು.

ಒಂದೊಂದೇ ಕುರಿಯನ್ನು ಹಿಡಿದು ಚುಚ್ಚಿದರು. ಚುಚ್ಚಿಸಿಕೊಂಡ ಕುರಿ ಯಾವುದೆಂದು ಗುರುತಿಗೆ ಬೀರವ್ವ ಅದರ ಹಣೆಗೆ ಭಂಡಾರ ಹಚ್ಚುತ್ತಿದ್ದಳು. ಅವಳು ಹಚ್ಚುವುದನ್ನು ನೋಡುತ್ತ ನಾನು ನಿಂತಿದ್ದೆ. ಕೊನೆಗೆ ಇಡೀ ಹಿಂಡಿನ ಹಣೆ ಹಳದಿ.

ಮರುದಿನ ಇಸ್ಮಾಯಿಲ್ ಮಿಸ್ತ್ರಿ ಮುಚ್ಚಳ ಹಾಕಿಯೇ ಪೈಪ್ ಕಿತ್ತ, ಪೆಟ್ರೋಲ್ ತುಸು ಸುರಿದು ನಿಂತಿತು. ಮುಚ್ಚಳ ತೆಗೆದ, ಸುರಿಯಿತು. ಮುಚ್ಚಳದಲ್ಲಿ ಗಾಳಿಗೆಂದೇ ಇರುವ ಸೂಜಿಮೊನೆಯಷ್ಟು ತೂತಿಗೆ ತಂತಿ ಹಾಕಿ ಕೆದಕಿದ. ಒಣಗಿದ ಅರಿಶಿನ ಉದುರಿತು.

"ದೇವರು ತೂತಿನಾಗ ಕುಂತಾನ್ರೀ ಸಾಬ್," ಎಂದು ನಕ್ಕ.

ಅಪ್ಪ ಅಲ್ಲಿಂದ ನೇರ ಪೋಸ್ಟಾಫೀಸಿಗೆ ಹೋಗಿ, ಮತ್ತೆ ಲಸಿಕೆ ಕಳಿಸಿರೆಂದು ತಂತಿ ಕೊಟ್ಟರು. ಟು ಬಿ ಫ್ರ್ಯಾಂಕ್, ಅವರು ಮಾಡಬೇಕಿದ್ದದ್ದು ಇನ್ನೊಂದಿತ್ತು. ಮಾಳಪ್ಪನ ಹತ್ತಿರ ಹೋಗಿ, ನಿನ್ನೆ ನಾನು ಚುಚ್ಚಿದ್ದು ನೀರು, ಕುರಿಗಳನ್ನು ದೂರವೇ ಇಡು ಎಂದು ಹೇಳುವುದು. ಹೇಳಲಿಲ್ಲ. ಇನ್ನೇನು ಲಸಿಕೆ ಬಂದುಬಿಡುತ್ತದೆ, ಗುಟ್ಟಾಗಿ ಸರಿಪಡಿಸಿದರಾಯಿತು ಎಂದುಕೊಂಡರೇನೋ. ಐ ಡೋಂಟ್ ನೋ. ಮಾಳಪ್ಪ ಹಳದಿ ಹಣೆಗಳನ್ನು ನಂಬಿ, ಎರಡು ಮೈಲಿಯ ಹಳ್ಳ ಬಿಟ್ಟು ಹತ್ತಿರದ ಕುಂಟೆಗೇ ಕುರಿಗಳನ್ನು ಇಳಿಸಿದ.

ಎರಡನೆಯ ಸಲದ ಲಸಿಕೆ ಬರುವಷ್ಟರಲ್ಲಿ ತಡವಾಗಿತ್ತು. ಮಾಳಪ್ಪ ದವಾಖಾನೆಗೆ ಬಂದು ಮೆಟ್ಟಿಲ ಕೆಳಗೆ ಕೂತ. ಮೇಲೆ ಬಾ ಎಂದರೂ ಬರಲಿಲ್ಲ. ಮೂರು ಹೋತ, ಒಂದು ಕುಂಟ ಕುರಿ ಉಳಿದಿವೆ ಅಂದ. ಅಪ್ಪ ಏನೋ ಹೇಳಲು ಬಾಯಿ ತೆಗೆದರು. ಅವನೇ ತಡೆದ.

"ನಿಮ್ಮ ಕೈಗುಣ ಚಲೋ ಐತ್ರೀ ಸಾಬ್ರ. ಸೂಜಿ ಹಾಕಿದ್ರೂ ಉಳೀಲಿಲ್ಲಂದ್ರ ನಮ್ಮ ನಸೀಬು. ನೀವು ಮನಸಿಗೆ ಹಚ್ಕೋಬ್ಯಾಡ್ರಿ."

ಅಪ್ಪ ಬಾಯಿ ಮುಚ್ಚಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿದರು. ನಾನು ನೆಲ ನೋಡಿದೆ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಆ ರಾತ್ರಿ ಮಾವಿನ ಸೀಕರಣೆ ಇತ್ತು, ಎರಡು ಸಲ ಹಾಕಿಸಿಕೊಂಡು ತಿಂದೆ.

ಮುಂದಿನ ಬೇಸಿಗೆ ಅವ್ವನ ಜೊತೆ ಸೀರೆ ನೋಡಲು ಒಬ್ಬ ನೇಕಾರರ ಮನೆಗೆ ಹೋದಾಗ, ಮೂಲೆಯಲ್ಲಿ ಕೂಲಿಗೆ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದವಳು ಬೀರವ್ವ. ನನ್ನನ್ನು ಗುರುತು ಹಿಡಿದು ಜರುಗಿ ಜಾಗ ಕೊಟ್ಟಳು. ಕೂತೆ.

"ಆವತ್ತ ಯಾಕ ಅಷ್ಟ ಹೊತ್ತಾತು ನಿಮಗ ಬರಾಕ?" ಎಂದು ಕೇಳಿದಳು. ಅದರಲ್ಲಿ ದೂರಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು.

"ಗಾಡಿ ಕೆಟ್ಟಿತ್ತು," ಅಂದೆ.

"ಹೂಂ," ಅಂದಳು. ಕೈ ನಿಲ್ಲಿಸಲಿಲ್ಲ.

ಈಗಿನ ಹೊಸ ಗಾಡಿಗಳಲ್ಲಿ ಕಾರ್ಬೊರೇಟರೇ ಇಲ್ಲವಂತೆ. ಲಸಿಕೆಯೂ ಒಳ್ಳೆಯ ಐಸ್ ಬಾಕ್ಸಿನಲ್ಲಿ ಹಳ್ಳಿಗೇ ಬರುತ್ತದಂತೆ, ಸಂತೋಷ. ಬೀರವ್ವ ಸಿಕ್ಕ ಆ ವರ್ಷವೇ ಅಪ್ಪ ಆಫೀಸ್ ಕೆಲಸಕ್ಕೆ ವರ್ಗ ಮಾಡಿಸಿಕೊಂಡು ಹೈದರಾಬಾದಿಗೆ ಬಂದರು. ನಾನು ಡೇ ಸ್ಕಾಲರ್ ಆದೆ. ಆಮೇಲೆ ಅಪ್ಪ ಮೂವತ್ತು ವರ್ಷ ಬದುಕಿದ್ದರು. ನಾವು ಹವೆ, ಹಾಲು, ಪೇಪರಿನ ಸುದ್ದಿ, ನನ್ನ ಮಕ್ಕಳ ಪರೀಕ್ಷೆ ಎಲ್ಲವನ್ನೂ ಮಾತಾಡಿದೆವು. ಕೆ.ಟಿ. ದೊಡ್ಡಿಯ ಹೆಸರನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ. ಒಬ್ಬರು ಎತ್ತಿದ್ದರೆ ಇನ್ನೊಬ್ಬರಿಗೆ ನಿರಾಳವಾಗುತ್ತಿತ್ತು. ಬೀರವ್ವ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ತಿಳಿಯದು. ಅವಳು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನು ಈಗ ಬರೆದಿದ್ದೇನೆ. ಅವಳಿಗೆ ಓದಲು ಬರುತ್ತಿರಲಿಲ್ಲ.