ಬಲ್ಬು ಕೇಳಿದ ಓನರಮ್ಮ

ಬ್ಯಾಟರಿಯ ಮುಚ್ಚಳ ಕಳೆದುಹೋಗಿ, ರಬ್ಬರ್ ಬ್ಯಾಂಡ್ ಸುತ್ತಿದ್ದ ಹಳೆಯ ಟ್ರಾನ್ಸಿಸ್ಟರ್. ಅದನ್ನು ಎಡಗೈಯಲ್ಲಿ ತಲೆಗಿಂತ ಎತ್ತರಕ್ಕೆ ಹಿಡಿದು, ಕತ್ತು ಓರೆ ಮಾಡಿ, ಬರಿಗಾಲಲ್ಲಿ ಸದ್ದಿಲ್ಲದೆ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ನಾನು ಓನರಮ್ಮನನ್ನು ಮೊದಲು ಕಂಡದ್ದು ಹಾಗೆ. ಶಿಡ್ಲಘಟ್ಟದಲ್ಲಿ ಅವರ ಮಹಡಿ ಮನೆ ಬಾಡಿಗೆಗಿದೆ ಎಂದು ಕೇಳಿ ನೋಡಲು ಹೋಗಿದ್ದೆವು. ಹಾಡು ಕೇಳುತ್ತಿದ್ದಾರೇನೋ ಅಂದುಕೊಂಡೆ. ಹಾಡೂ ಇಲ್ಲ, ವಾರ್ತೆಯೂ ಇಲ್ಲ. ಎರಡು ಸ್ಟೇಷನ್ನುಗಳ ನಡುವೆ ಮುಳ್ಳು ನಿಲ್ಲಿಸಿದ್ದರು. ಬರೀ ಸುಯ್ ಎನ್ನುವ ಸದ್ದು. ಹಿಂದಿನ ಬಾಡಿಗೆಯವರು ಬಿಟ್ಟುಹೋಗಿದ್ದ ಬಿಳಿ ಬಲ್ಬು ಉರಿಯುತ್ತಿದ್ದ ಕಡೆ ಬಂದಾಗ ಟ್ರಾನ್ಸಿಸ್ಟರ್ ಗರಗರ ಅನ್ನತೊಡಗಿತು.

"ಕೇಳಿಸ್ತಾ? ನನ್ನ ತಲೆ ಒಳಗೂ ಹಿಂಗೇ ಕೂಗ್ತದೆ," ಅಂದರು.

ಅಷ್ಟರಲ್ಲಾಗಲೇ ನಾವು ಊರಿನಲ್ಲಿ ಸಾಕಷ್ಟು ಮನೆ ನೋಡಿ ಸೋತಿದ್ದೆವು. ಎಲ್ಲ ಕಡೆಯೂ ಮೊದಲು ಹೆಸರು, ಆಮೇಲೆ ಊರು, ಆಮೇಲೆ ಒಂದು ಚೂರು ತಡೆದು, "ನೀವು ಯಾವ ಜನ?" ಹೇಳಿದ ಮೇಲೆ ಆ ಮನೆ ಅವರ ನೆಂಟರಿಗೇ ಬೇಕಾಗಿಬಿಡುತ್ತಿತ್ತು. ಇಲ್ಲೂ ನಮ್ಮ ಯಜಮಾನರು ಆ ಪ್ರಶ್ನೆಗಾಗಿ ಕಾಯುತ್ತ, ಚಪ್ಪಲಿಯ ಹತ್ತಿರವೇ ನಿಂತಿದ್ದರು. ಓನರಮ್ಮ ಕೇಳಿದ್ದು ಬೇರೆ.

"ಯಾವ ಬಲ್ಬು ಹಾಕ್ತೀರ?"

ಕೆಳಗೆ ಅವರ ಮಂಚ, ಮೇಲೆ ನಮ್ಮ ಕೋಣೆ. ಆ ಕೋಣೆಯಲ್ಲಿ ಟ್ಯೂಬ್‌ಲೈಟು ಬೇಡ, ಎಲ್‌ಇಡಿ ಬೇಡ, ವೈಫೈ ಡಬ್ಬ ಬೇಡ. ಹಳದಿ ಬೆಳಕಿನ ಬುರುಡೆ ಬಲ್ಬು ಮಾತ್ರ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ ಅಂದರು. ದೇವರ ಮುಂದೆ ಕೂತಾಗ ಬೇಡುವುದಕ್ಕೆ ಮೊದಲು ಆ ದಿನ ಸಿಕ್ಕಿದ್ದನ್ನು ಹೇಳಿಕೊಳ್ಳುವುದು ನನ್ನ ಅಭ್ಯಾಸ. ಆ ಸಂಜೆ, ಬಲ್ಬು ತಾನೆ ಸ್ವಾಮಿ, ನೀನು ಹೇಳಿದರೆ ಕತ್ತಲಲ್ಲೂ ಇರುತ್ತೇನೆ ಅಂದೆ.

ಅವರದು ಜಂಗಮಕೋಟೆ ಕಡೆ. ಮಕ್ಕಳಿಲ್ಲ. ಗಂಡನ ಜೊತೆ ಬಹಳ ವರ್ಷ ರೇಷ್ಮೆಹುಳು ಸಾಕಿದವರು. ಆತ ಹೋದ ಮೇಲೆ ತೋಟವನ್ನು ತಮ್ಮನಿಗೆ ಬಿಟ್ಟು ಪೇಟೆಗೆ ಬಂದರು. ಹುಳದ ಮನೆಯ ಶಿಸ್ತು ಮಾತ್ರ ಅವರ ಜೊತೆಗೇ ಬಂದಿತ್ತು. ಯಾರೇ ಬರಲಿ, ಕೈಕಾಲು ತೊಳೆದು ಒಳಗೆ ಬರಬೇಕು. ಸೆಂಟು ಹಾಕಿಕೊಂಡವರನ್ನು ಜಗಲಿಯಲ್ಲೇ ಕೂರಿಸಿ ಮಾತಾಡುತ್ತಿದ್ದರು. ನಡೆದರೆ ಸದ್ದಾಗುತ್ತಿರಲಿಲ್ಲ.

ಬೀದಿದೀಪಗಳು ಬಿಳಿಯಾದ ವರ್ಷ ಅವರಿಗೆ ಇದು ಶುರುವಾಯಿತಂತೆ. ಹಣೆಯ ಒಂದು ಪಕ್ಕ ಹಿಂಡಿದ ಹಾಗೆ, ತೋಳಿನಲ್ಲಿ ಇರುವೆ ಹರಿದ ಹಾಗೆ, ನಿದ್ದೆ ಇಲ್ಲ. ಮಂಚವನ್ನು ಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಎಳೆಯುವರು, ಮತ್ತೆ ಕೋಣೆಗೇ ತರುವರು. ಕೆಂಪು ಗಾರೆಯ ನೆಲದ ತುಂಬ ಮಂಚದ ಕಾಲಿನ ಗೀರು. "ಹಣ್ಣಾದ ಹುಳ ಗೂಡು ಕಟ್ಟಕ್ಕೆ ಜಾಗ ಸಿಗದೆ ತಲೆ ಎತ್ಕೊಂಡು ಓಡಾಡ್ತದಲ್ಲ, ಹಂಗಾಗಿದೀನಿ ಕಣಮ್ಮ," ಅನ್ನುತ್ತಿದ್ದರು. ನೋವು ಜಾಸ್ತಿಯಾದಾಗ ಕನ್ನಡ ಬಿಟ್ಟು ತೆಲುಗಿನಲ್ಲಿ "ದೇವುಡಾ, ದೇವುಡಾ" ಅನ್ನುವರು. ಬೀದಿಯ ಹೆಂಗಸರು ಅವರಿಗೆ ಕರೆಂಟಮ್ಮ ಎಂದು ಹೆಸರಿಟ್ಟಿದ್ದರು.

ಒಂದು ಭಾನುವಾರ ನಾನು ಮಾಡಿದ ಬಸ್ಸಾರಿನ ವಾಸನೆಗೆ ಅವರೇ ತಟ್ಟೆ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತರು. ಮುದ್ದೆ ಇಟ್ಟು ಸಾರು ಬಿಟ್ಟೆ. ಅಲ್ಲೇ ಕೂತು ಉಣ್ಣುತ್ತಿದ್ದವರನ್ನು ನೋಡಿ ಮನಸ್ಸು ತಡೆಯದೆ, ನಾವು ಯಾವ ಜನ ಅಂತ ನೀವು ಕೇಳಲೇ ಇಲ್ಲವಲ್ಲಮ್ಮ ಅಂದೆ. ಅವರು ಮುದ್ದೆ ಮುರಿಯುತ್ತಲೇ ಇದ್ದರು.

"ನಂಗೆ ಬಲ್ಬು ಆಗಲ್ಲ ಕಣಮ್ಮ. ಜನ ಆಗ್ತಾರೆ."

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೊದಲ ವರ್ಷ ಸುಮ್ಮನಿದ್ದರು. ಮಗಳು ಎಸ್‌ಎಸ್‌ಎಲ್‌ಸಿಗೆ ಬಂದಳು. ಅವಳು ಓದುವುದು ಅದೇ ಕೋಣೆಯಲ್ಲಿ. ಹಳದಿ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಪುಸ್ತಕದ ಮೇಲೆ ಬಗ್ಗುವಳು. ಬೇಸಿಗೆಯಲ್ಲಿ ಆ ಬುರುಡೆ ಬಲ್ಬಿನ ಕಾವು ಬೇರೆ. ಬಲ್ಬಿನ ಕರೆಂಟು ಗೋಡೆ ತೂರಿ ಹೋಗಿ ತಲೆ ನೋಯಿಸುವುದು ಎಲ್ಲಾದರೂ ಉಂಟೇ ಎಂದು ಇವರು ಗೊಣಗುತ್ತಿದ್ದರು. ನಾನು ಒಮ್ಮೆ ಮಗಳ ಕಣ್ಣು ನೋಡುವೆ, ಒಮ್ಮೆ ನೆಲ ನೋಡುವೆ; ಆ ನೆಲದ ಕೆಳಗೆ ಅವರ ಹಣೆ.

ಆ ದಿನಗಳಲ್ಲಿ ಒಮ್ಮೆ ಊಟಕ್ಕೆ ಬಡಿಸುತ್ತ, ಓನರಮ್ಮನಿಗೆ ಈಗೀಗ ಒಳ್ಳೆಯ ನಿದ್ದೆಯಂತೆ, ದೇವರು ಕಣ್ಣು ಬಿಟ್ಟ ಅಂದೆ. ಇವರು ತಟ್ಟೆ ನೋಡಿಕೊಂಡು ನಕ್ಕರು. ಯಾಕೆ ನಕ್ಕರೆಂದು ಮಾರನೆಯ ಬೆಳಿಗ್ಗೆ ಗೊತ್ತಾಯಿತು. ಓನರಮ್ಮ ಅಂಗಳದಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಇವರು ಸ್ಕೂಲಿಗೆ ಹೊರಟವರು ಎದುರಿಗೆ ನಿಂತು, ಹುಣ್ಣಿಮೆಯಿಂದಲೂ ನಿಮ್ಮ ಮಂಚದ ನೇರಕ್ಕೇ ಎಲ್‌ಇಡಿ ಉರಿಯುತ್ತಿದೆ, ನಾನೇ ಬದಲಾಯಿಸಿದೆ, ನಿಮಗೆ ಏನೂ ಆಗಲಿಲ್ಲ ನೋಡಿ ಎಂದು ಪಾಠ ಒಪ್ಪಿಸಿದ ಹಾಗೆ ಹೇಳಿದರು. ಹಳದಿ ಬೆಳಕನ್ನೇ ಕೊಡುವ ಎಲ್‌ಇಡಿ ಅದು. ದಿನಾ ಕಸ ಗುಡಿಸುವ ನನಗೂ ಗೊತ್ತಾಗಿರಲಿಲ್ಲ.

ಅವರ ಕೈ ದಂಟಿನ ಮೇಲೆ ನಿಂತಿತು. "ಹಂಗಾದ್ರೆ ನಂದು ನಾಟ್ಕ ಅಂತೀರ ಮೇಷ್ಟ್ರೆ?"

ಅವರು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾಂಪೌಂಡಿನ ಆಚೆ ಯಾರೋ ಕೇಳಿಸಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಕೊಳಾಯಿಯ ಹತ್ತಿರ, ಕರೆಂಟಮ್ಮನ ಫ್ಯೂಸು ಹೋಯಿತಂತೆ ಎಂದು ನಗು.

ಆ ದಿನ ನಾನು ಒಂದು ಕಡೆ ಕೂರಲಿಲ್ಲ. ಅಕ್ಕಿ ಆರಿಸಲು ಕೂತು ಎದ್ದೆ, ಒಣಗದ ಬಟ್ಟೆ ತೆಗೆದು ಮತ್ತೆ ಹರವಿದೆ. ಇನ್ನೇನು ಮನೆ ಬಿಡಿ ಅನ್ನುತ್ತಾರೆ. ಮಗಳ ಪರೀಕ್ಷೆ ಹತ್ತಿರ. ಮತ್ತೆ ಆ ಬೀದಿಗಳು, ಮತ್ತೆ ಆ ಬಾಗಿಲುಗಳು, ಹೆಸರು, ಊರು, ಆ ಒಂದು ಚೂರು ತಡೆಯುವುದು. ಕೆಳಗಿನಿಂದ ಮಂಚ ಎಳೆಯುವ ಸದ್ದು ಬರುತ್ತಲೇ ಇತ್ತು. ಸಂಜೆ ದೀಪ ಹಚ್ಚಿ ಕೂತರೆ, ಸಿಕ್ಕಿದ್ದು ಇಂಥದು ಎಂದು ಹೇಳಿಕೊಳ್ಳಲು ಏನೂ ಹೊಳೆಯಲಿಲ್ಲ.

ಮಾರನೆಯ ದಿನ ಈಚೆಗೆ ಮಂಡಿನೋವೆಂದು ಮೆಟ್ಟಿಲು ಹತ್ತದಿದ್ದ ಓನರಮ್ಮ ಕಂಬಿ ಹಿಡಿದು ಹತ್ತಿ ಬಂದು ನಮ್ಮ ಹೊಸಿಲ ಮೇಲೆ ಕೂತರು. ಒಂದು ಲೋಟ ನೀರು ಕೇಳಿದರು. ಕುಡಿದು, ಇವರ ಕಡೆ ತಿರುಗಿದರು.

"ನಂಗೆ ಗೊತ್ತಾಗ್ಲಿಲ್ಲ ಮೇಷ್ಟ್ರೆ, ಒಪ್ಕೊಂಡೆ. ನೀವು ಹೇಳಿದ್ದೇ ನಿಜ ಇರ್ಬೋದು. ಆದ್ರೆ ಹುಳ ಮೇವು ಬಿಡ್ತು ಅನ್ಕೊಳ್ಳಿ. ಅದು ಸುಳ್ಳು ಹೇಳ್ತದೆ ಅಂತ ಯಾರಾದ್ರೂ ಅಂತಾರಾ? ಸೊಪ್ಪು ಬದಲಾಯಿಸ್ತೀವಿ, ಗಾಳಿ ಬಿಡ್ತೀವಿ, ಪರದೆ ಇಳಿಸ್ತೀವಿ. ಒಂದಾದ್ಮೇಲೆ ಒಂದು ನೋಡ್ತೀವಿ. ನನ್ನ ತಲೆನೂ ಹಂಗೆ ನೋಡಿ ಅಂತ ಕೇಳ್ತಿರೋದು, ಅಷ್ಟೆ. ಬಾಯಿಲ್ಲದ ಹುಳದ ಮಾತು ನಂಬ್ತೀವಿ. ಬಾಯಿರೋಳು ನಾನು."

ಮನೆ ಬಿಡುವ ಮಾತು ಎತ್ತಲೇ ಇಲ್ಲ. ಇವರು, ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಚಿಂತಾಮಣಿಗೆ ಹೋಗೋಣ, ಅಲ್ಲಿ ದೊಡ್ಡ ಎಲೆಕ್ಟ್ರಿಕಲ್ ಅಂಗಡಿ ಇದೆ ಅಂದರು.

ಹೋದೆವು. ಓನರಮ್ಮ ಕೌಂಟರಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟ ಕೂಡಲೇ ಅಂಗಡಿಯವನು, ರೇಡಿಯೋ ರಿಪೇರಿ ಪಕ್ಕದ ಅಂಗಡಿ ಅಂದ. "ಇದು ಕೆಟ್ಟಿಲ್ಲಪ್ಪ. ನಿನ್ನ ಬಲ್ಬು ಎಷ್ಟು ಕೆಟ್ಟಿದಾವೆ ನೋಡಣ ತಾ," ಅಂದರು. ಅವನು ನಕ್ಕ. ಒಂದೊಂದೇ ಬಲ್ಬು ಹಚ್ಚಿ ತೋರಿಸಿದ. ಇವರು ಫೋನಿನ ಕ್ಯಾಮೆರಾ ಹಿಡಿಯುವರು. ಕೆಲವು ಬಲ್ಬಿಗೆ ಫೋನಿನ ಪರದೆಯ ಮೇಲೆ ಕಪ್ಪು ಪಟ್ಟೆ ಓಡುತ್ತಿದ್ದವು. ಬೆಳಕು ನಡುಗಿದರೆ ಹಾಗೆ ಕಾಣುತ್ತದೆ, ಆ ನಡುಕ ಕೆಲವರ ತಲೆಗೆ ಆಗುವುದಿಲ್ಲ ಎಂದು ಎಲ್ಲೋ ಓದಿಕೊಂಡು ಬಂದಿದ್ದರು. ಓನರಮ್ಮ ಟ್ರಾನ್ಸಿಸ್ಟರ್ ಹಿಡಿಯುವರು. ಗರಗರ ಅನ್ನದ, ಪಟ್ಟೆ ಓಡದ, ಬೆಚ್ಚನೆ ಬೆಳಕಿನ ಎಲ್‌ಇಡಿ ಒಂದು ಸಿಕ್ಕಿತು. ಅದನ್ನು ಮಗಳ ಮೇಜಿಗೆ, ಓನರಮ್ಮನ ಮಂಚದಿಂದ ದೂರದ ಗೋಡೆಯಲ್ಲಿ ಹಾಕಿದೆವು. ಅವರ ಕೋಣೆಗೆ ಬುರುಡೆ ಬಲ್ಬೇ ಇರಲಿ ಎಂದಾಯಿತು.

ಆಮೇಲೆ ಇವರೇ ಅವರನ್ನು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನೋವು ನಿಜ, ಇದು ಅರೆತಲೆನೋವು, ಬಲ್ಬಿನ ಕರೆಂಟಿನಿಂದ ಬರುವಂಥದಲ್ಲ ಎಂದು ಹೇಳಿ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಓನರಮ್ಮ ಮಾತ್ರೆಯನ್ನೂ ನುಂಗಿದರು, ಟ್ರಾನ್ಸಿಸ್ಟರನ್ನೂ ಬಿಡಲಿಲ್ಲ. ನೋವು ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು. ಮಾತ್ರೆಯಿಂದಲೋ, ಬಲ್ಬಿನಿಂದಲೋ, ತಮ್ಮ ಮಾತನ್ನು ಒಬ್ಬರಾದರೂ ತೆಗೆದುಹಾಕದೆ ಕೇಳಿದ್ದರಿಂದಲೋ, ನನಗೆ ತಿಳಿಯದು. ಮಂಚ ಎಳೆಯುವ ಸದ್ದು ಅಪರೂಪವಾಯಿತು. ಮಗಳು ಪಾಸಾದಳು. ಎರಡನ್ನೂ ದೇವರ ಮುಂದೆ ಹೇಳಿಕೊಂಡೆ.

ಓನರಮ್ಮ ಹೋಗಿದ್ದು ಕಳೆದ ಕಾರ್ತೀಕದಲ್ಲಿ, ಎದೆನೋವು ಬಂದು, ಅರ್ಧ ದಿನದಲ್ಲಿ. ಜಂಗಮಕೋಟೆಯಿಂದ ತಮ್ಮನ ಕಡೆಯವರೆಲ್ಲ ಬರುವಷ್ಟರಲ್ಲಿ ಸಂಜೆಯಾಗಿತ್ತು. ನಡುಮನೆಯಲ್ಲಿ ಮಲಗಿಸಿದ್ದರು. ನಾನು ತಲೆಯ ಹತ್ತಿರ ಕೂತು ಹಣತೆಗೆ ಎಣ್ಣೆ ಹಾಕುತ್ತಿದ್ದೆ. ಬಂದವರಲ್ಲಿ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದು, ಒಂದು ಚೂರು ತಡೆದು, ನೀವು ಯಾವ ಜನ ಎಂದು ಕೇಳಿದರು. ಓನರಮ್ಮ ಹೋದರು ಎನ್ನುವುದು ನನಗೆ ನಿಜವಾಗಿ ತಟ್ಟಿದ್ದು ಆಗಲೇ. ಮೇಲಿನ ಮನೆಯವರು ಅಂದೆ.

ಕತ್ತಲಾಗುತ್ತದೆಂದು ಯಾರೋ ಅಂಗಡಿಯಿಂದ ಬಾಡಿಗೆಗೆ ಬಿಳಿ ಟ್ಯೂಬ್‌ಲೈಟು ತಂದು ಅವರ ಮುಖದ ನೇರಕ್ಕೆ ಕಟ್ಟಿ ಹಚ್ಚಿದರು. ಅದನ್ನು ಆರಿಸಲು ಏಳುವ ಧೈರ್ಯ ನನಗೆ ಬರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನಮ್ಮ ಯಜಮಾನರು ಹೊರಗೆ ಹೋದರು. ಮೆಟ್ಟಿಲ ಮೇಲೆ ಇವರ ಹೆಜ್ಜೆ ಕೇಳಿಸಿತು. ನಮ್ಮ ದೇವರ ಗೂಡಿನ ಬುರುಡೆ ಬಲ್ಬನ್ನು ಕರ್ಚೀಫಿನಲ್ಲಿ ಹಿಡಿದು ತಂದರು. ಅದನ್ನು ನಡುಮನೆಯ ಖಾಲಿ ಹೋಲ್ಡರಿಗೆ ಹಾಕಿ, ಸ್ವಿಚ್ಚು ಒತ್ತಿ, ಟ್ಯೂಬ್‌ಲೈಟಿನ ಪ್ಲಗ್ಗು ಕಿತ್ತರು. ಗೋಡೆಗಳೆಲ್ಲ ಹಳದಿಯಾದವು.

ಯಾಕೆ ಮೇಷ್ಟ್ರೆ, ಜನ ಬರ್ತಾ ಇದಾರೆ, ಮುಖ ಸರಿಯಾಗಿ ಕಾಣಬೇಡವೆ ಎಂದು ಓನರಮ್ಮನ ತಮ್ಮ ಕೇಳಿದರು.

ಇವರು ಪ್ಲಗ್ಗಿನ ವೈರು ಸುತ್ತುತ್ತಲೇ ಹೇಳಿದರು. "ಅವರಿಗೆ ಅದು ಆಗಲ್ಲ."