ಬಿಸಿಲಿಗೆ ಫಾಯಿಲ್ ಅಂಟಿಸಿದವರು

ಗೊತ್ತಾದದ್ದು ಅಡುಗೆಮನೆಯ ನೆಲದ ಮೇಲೆ. ಮೆಟ್ಟುಕತ್ತಿಯ ಮುಂದೆ ಕೂತು ಮೀನು ಕೊಯ್ದು ಮುಗಿಸಿದೆ. ಏಳಲು ಹೋದೆ.

ಆಗಲಿಲ್ಲ.

ತೊಡೆಗೆ ಕೈ ಊರಿ, ಗೋಡೆ ಹಿಡಿದು ಹೇಗೋ ಎದ್ದೆ. ಮೂವತ್ತು ಕೂಡ ತುಂಬದ ನನಗಿಂತ ಊರಿನಲ್ಲಿ ನನ್ನ ಅತ್ತೆಯೇ ಚುರುಕಾಗಿ ಏಳುತ್ತಾರೆ ಎಂದು ನಗು ಬಂತು. ನಗು ಹೆಚ್ಚು ದಿನ ಉಳಿಯಲಿಲ್ಲ.

ನಾವು ದೋಹಾಕ್ಕೆ ಬಂದದ್ದು ಅದರ ಹಿಂದಿನ ವರ್ಷದ ಜೂನಿನಲ್ಲಿ. ವಿಮಾನದ ಬಾಗಿಲು ತೆರೆದಾಗ ಉರಿಯುವ ಒಲೆಗೆ ಮುಖ ಒಡ್ಡಿದ ಹಾಗಾಯಿತು. ಆದರೂ ಖುಷಿ. ಮದುವೆಯಾದ ಮೇಲೆ ರಜೆಯಲ್ಲಿ ಮಾತ್ರ ಸಿಗುತ್ತಿದ್ದ ಗಂಡನ ಜೊತೆ ಸಂಸಾರ ಹೂಡಲು ಕೊನೆಗೂ ಫ್ಯಾಮಿಲಿ ವೀಸಾ ಸಿಕ್ಕಿತ್ತು, ಕಂಕುಳಲ್ಲಿ ಹಾಲು ಕುಡಿಯುವ ಮಗಳಿದ್ದಳು. ಬಿಸಿಲು ಎಷ್ಟಾದರೂ ಸುಡಲಿ ಎಂದುಕೊಂಡೆ. ಪಕ್ಕದ ಅಲ್ ರಯ್ಯಾನಿನ ಹಳೆಯ ವಿಲ್ಲಾ ಒಂದನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಮಹಡಿಯ ಎರಡು ಕೋಣೆ ನಮ್ಮದು. ಮೊದಲ ಶುಕ್ರವಾರದ ರಜೆಯಲ್ಲೇ ಇವರು ಅಲ್ಯೂಮಿನಿಯಂ ಫಾಯಿಲ್ ತಂದು ಕಿಟಕಿ ಗಾಜಿಗೆಲ್ಲ ಅಂಟಿಸಿದರು. ಇಲ್ಲದಿದ್ದರೆ ಏಸಿ ಸೋತುಹೋಗುತ್ತದಂತೆ, ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರಂತೆ. ನನಗೂ ಅದೇ ಬೇಕಿತ್ತು. "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತಿ" ಎಂದು ಅಮ್ಮ ಹೆದರಿಸಿಯೇ ಕಳಿಸಿದ್ದಳು. ಹಗಲೂ ಟ್ಯೂಬ್‌ಲೈಟು. ಹೊರಗೆ ಹೋಗುವುದಿದ್ದರೆ ಹೊತ್ತು ಮುಳುಗಿದ ಮೇಲೆ.

ಎರಡನೆಯ ಚಳಿಗಾಲ ಬರುವಷ್ಟರಲ್ಲಿ ಸೊಂಟ, ತೊಡೆ, ಪಕ್ಕೆಲುಬು ಎಲ್ಲ ನೋವು. ಬಾತುಕೋಳಿಯ ನಡಿಗೆ. ಮಗಳನ್ನು ಎತ್ತಿಕೊಳ್ಳಲು ಹೆದರಿಕೆ. ಮೆಟ್ಟಿಲು ಕಂಡರೆ ಅಳು. ಒಂದು ಶುಕ್ರವಾರ ಅತ್ತೆ ಫೋನಿನಲ್ಲಿ ವಿಷಯ ಕೇಳಿ, ಊರಿಗೆ ಕಳಿಸು, ಎಣ್ಣೆ ಹಾಕಿ ತಿಕ್ಕಿಸುವ ಅಂದರು. ಇವರು ನನ್ನ ಕಡೆ ನೋಡದೆ ಉತ್ತರ ಕೊಟ್ಟರು.

"ಆಯ್ತಮ್ಮ, ಕಳಿಸ್ತೇನೆ."

ಕಾಲುನೋವಿಗಿಂತ ಆ ಮಾತು ಹೆಚ್ಚು ನೋಯಿಸಿತು. ಹೋದರೆ ಮತ್ತೆ ಫೋನಿನ ಸಂಸಾರ, ಮತ್ತೆ ಮಗಳಿಗೆ ಅಪ್ಪನನ್ನು ಫೋಟೋದಲ್ಲಿ ತೋರಿಸುವ ಕೆಲಸ.

ಅದಕ್ಕೆ ಮೊದಲು ಒಮ್ಮೆ ಆಸ್ಪತ್ರೆಗೆ ಹೋಗೋಣ ಎಂದು ಹಟ ಹಿಡಿದೆ. ಎಕ್ಸ್‌ರೇ, ಬ್ಲಡ್ ಟೆಸ್ಟ್ ಎಲ್ಲ ಆಯಿತು. ಕೇರಳದ ಲೇಡಿ ಡಾಕ್ಟರ್ ರಿಪೋರ್ಟ್ ನೋಡಿ, ದಿನಾ ಎಷ್ಟು ಹೊತ್ತು ಬಿಸಿಲಿನಲ್ಲಿ ಇರುತ್ತೀ ಎಂದು ಹಿಂದಿಯಲ್ಲಿ ಕೇಳಿದರು. ಬಿಸಿಲಿಗೆ ಕಾಲೇ ಇಡುವುದಿಲ್ಲ ಎಂದು ನನ್ನ ಹರಕು ಹಿಂದಿಯಲ್ಲಿ ಜಂಬದಿಂದ ಹೇಳಿದೆ. ಇವರು ಫಾಯಿಲಿನ ವಿಷಯವನ್ನೂ ಸೇರಿಸಿದರು.

ಡಾಕ್ಟರ್ ಕನ್ನಡಕ ತೆಗೆದಿಟ್ಟು ನಕ್ಕರು.

ಆಸ್ಟಿಯೋಮಲೇಶಿಯಾ. ವಿಟಮಿನ್ ಡಿ ಸಾಲದೆ ಮೂಳೆ ಮೆತ್ತಗಾಗಿದೆ. ಇಂಜೆಕ್ಷನ್, ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ಬಿಸಿಲು. ಮೈ ಸುಡುವ ಈ ಮರಳುಗಾಡಿನಲ್ಲಿ ನನಗೆ ಬಂದದ್ದು ಬಿಸಿಲಿಲ್ಲದ ಕಾಯಿಲೆ. ಊರಿಗೆ ಹೋಗಬೇಕೇ ಎಂದು ಕೇಳಿದೆ. ಯಾಕೆ, ಇಲ್ಲಿ ಬಿಸಿಲಿಗೇನು ಬರವೇ ಅಂದರು. ಕಾರಿನಲ್ಲಿ ಇವರು ಮಾತ್ರ, "ಚಳಿಗಾಲ ಮುಗಿಯುವವರೆಗೆ ನೋಡುವ. ಅಷ್ಟರಲ್ಲಿ ಮೆಟ್ಟಿಲು ಹತ್ಲಿಕ್ಕೆ ಆಗದಿದ್ರೆ ಊರಿಗೆ ಹೋಗಿ ರೆಸ್ಟ್ ತಗೊ" ಅಂದರು. ನಾನು ಕಿಟಕಿಯ ಗಾಜು ಇಳಿಸಿ ಕೈ ಹೊರಗೆ ಚಾಚಿದೆ.

ಔಷಧಿಯೇನೋ ಸರಿ, ಆದರೆ ಕೆಲಸವಿಲ್ಲದೆ ಬಿಸಿಲಿನಲ್ಲಿ ಕೂರುವುದು ಹೇಗೆ? ನಮ್ಮ ಕಡೆಯ ಹೆಂಗಸರಿಗೆ ಗೊತ್ತಿಲ್ಲದ ವಿದ್ಯೆ ಅದು. ಇವರು ಡ್ಯೂಟಿಗೆ ಹೋಗುವ ಮೊದಲು ಹಿಂದಿನಿಂದ ತಳ್ಳಿ ತಳ್ಳಿ ನನ್ನನ್ನು ಟೆರೇಸಿಗೆ ಹತ್ತಿಸುತ್ತಿದ್ದರು. ಅಲ್ಲಿ ಕಳ್ಳಿಗಿಡದ ಹಾಗೆ ಕೂತಿರುತ್ತಿದ್ದೆ. ಕೆಳಗಿನ ಮನೆಯ ಉಳ್ಳಾಲದ ಮೈಮುನಕ್ಕ ಬಂದು ನೋಡಿ, "ಸುಮ್ನೆ ಕೂತ್ರೆ ಹುಚ್ಚು ಹಿಡೀತದೆ ಮಾರಾಯ್ತಿ. ಸಂಡಿಗೆ ಇಡುವ" ಅಂದರು.

ಮರುದಿನವೇ ಅಕ್ಕಿಹಿಟ್ಟು ಕುದಿಸಿ ತಂದರು. ಟೆರೇಸಿನ ಎತ್ತರದ ಸುತ್ತುಗೋಡೆಯ ಮರೆಯಲ್ಲಿ ಇಬ್ಬರೂ ಉಡುಪಿನ ತೋಳು ಮೇಲಕ್ಕೆ ಮಡಚಿ, ಪ್ಲಾಸ್ಟಿಕ್ ಹಾಸಿನ ಮೇಲೆ ಸಂಡಿಗೆ ಇಟ್ಟೆವು. ಊರಿನಲ್ಲಿ ದಿನಗಟ್ಟಲೆ ಕಾಯಬೇಕು. ಇಲ್ಲಿ ಸಂಜೆಗೆಲ್ಲ ಗಲಗಲ ಎನ್ನುತ್ತಿತ್ತು. ಆಮೇಲೆ ಮಜ್ಜಿಗೆ ಮೆಣಸು. ಸುದ್ದಿ ಹಬ್ಬಿ ಪಕ್ಕದ ವಿಲ್ಲಾದ ಹೆಂಗಸರೂ ಬಂದರು. ಮಗಳು ಹಸಿ ಸಂಡಿಗೆ ಕದ್ದು ತಿಂದು ಮೂಗಿಗೆಲ್ಲ ಹಿಟ್ಟು ಮೆತ್ತಿಕೊಳ್ಳುತ್ತಿದ್ದಳು. "ಯಲ್ಲಾ, ಬೇಗ ಮಗ್ಗುಲು ತಿರುಗಿ ಕೂರು, ನೀನು ಒಂದೇ ಕಡೆ ಒಣಗ್ತಿದ್ದಿ" ಎಂದು ಮೈಮುನಕ್ಕ ನನ್ನನ್ನು ಗೇಲಿ ಮಾಡುತ್ತಿದ್ದರು. ಅಷ್ಟು ನಕ್ಕದ್ದು ಮದುವೆಗೆ ಮೊದಲೇ ಇರಬೇಕು.

ನೋವು ಒಂದೇ ಸಲ ಹೋಗಲಿಲ್ಲ. ಮೊದಲು ಪಕ್ಕೆ ಬಿಟ್ಟಿತು, ಆಮೇಲೆ ಸೊಂಟ. ಇವರು ಒಂದು ರಜೆಯ ದಿನ ಕೂತು ಫಾಯಿಲನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದರು. ನೆಲಕ್ಕೆ ಬಿದ್ದ ಬಿಸಿಲಿನ ತುಂಡನ್ನು ಮಗಳು ಎರಡೂ ಕೈಯಿಂದ ಎತ್ತಲು ನೋಡಿದಳು.

ನಾನು ಕಪ್ಪಾಗಿದ್ದೇನೆ. ತೊಡೆ ಇನ್ನೂ ಆಗಾಗ ಸೆಳೆಯುತ್ತದೆ, ಮಾತ್ರೆ ನಡೆಯುತ್ತಿದೆ, ಬರುವ ಬೇಸಿಗೆ ಹೇಗೋ ಗೊತ್ತಿಲ್ಲ.

ಕಳೆದ ಶುಕ್ರವಾರ ಸಂಡಿಗೆಯ ಬುಟ್ಟಿ ಹಿಡಿದು ಟೆರೇಸಿನಿಂದ ಇಳಿಯುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಒಳಗೆ ಇವರು ಫೋನಿನಲ್ಲಿ ಅತ್ತೆಯೊಂದಿಗೆ ಮಾತಾಡುತ್ತಿದ್ದರು.

"ಇಲ್ಲಮ್ಮ, ಕಳಿಸುದಿಲ್ಲ. ಅವಳು ಮೇಲೆ ಟೆರೇಸಿನಲ್ಲಿದ್ದಾಳೆ. ಒಬ್ಬಳೇ ಹತ್ತಿ ಹೋದ್ಲು."

ಮತ್ತೆ ಅಂದರು, "ಗೋಡೆ ಸಹ ಹಿಡೀಲಿಲ್ಲ."

ಬುಟ್ಟಿಯನ್ನು ಮೆಲ್ಲನೆ ಹೊಸ್ತಿಲ ಹೊರಗೆ ಇಟ್ಟೆ. ಮೇಲೆ ಏನೂ ಕೆಲಸ ಉಳಿದಿರಲಿಲ್ಲ. ಸುಮ್ಮನೆ ಇನ್ನೊಂದು ಸಲ ಹತ್ತಿ ಹೋದೆ.