ಸಿಟ್ಟಿಗೆ ನೆಟ್ಟ ಬೇವು

ಜಗದೇವಿ ಅಕ್ಕೋರು ಸಿಟ್ಟು ಬಂದಾಗ ಗಿಡ ನೆಡುತ್ತಿದ್ದರು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ, ಯಾರ ಮುಂದೆಯೂ ದೂರು ಹೇಳುತ್ತಿರಲಿಲ್ಲ. ತಮ್ಮನ್ನು ಅವಮಾನಿಸಿದವನ ಮನೆಯನ್ನೋ ಕಚೇರಿಯನ್ನೋ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿದು ಅಳೆಯುತ್ತಿದ್ದರು. ಅಷ್ಟು ನೋಡಿದರೆ ಸಾಕು, ಇವನ ಕಥೆ ಮುಗಿಯಿತು ಎಂದು ಅವರ ಶಿಷ್ಯರಾದ ನಮಗೆ ಗೊತ್ತಾಗುತ್ತಿತ್ತು. ಮುಗಿಯಲು ಹತ್ತು ಹದಿನೈದು ವರ್ಷ ಹಿಡಿಯುತ್ತಿತ್ತು, ಅದು ಬೇರೆ ಮಾತು.

ಚಿತ್ತಾಪುರದ ಕಚೇರಿಯೊಂದರಲ್ಲಿ ಒಬ್ಬ ಅಧಿಕಾರಿ ಅವರನ್ನು ಮೇ ತಿಂಗಳ ಬಿಸಿಲಲ್ಲಿ ಹೊರಗೆ ನಿಲ್ಲಿಸಿ, ತಾನು ಫ್ಯಾನಿನ ಕೆಳಗೆ ಕೂತು ಚಹಾ ಕುಡಿದನಂತೆ. ಮಳೆ ಬಿದ್ದ ಕೂಡಲೇ ಅಕ್ಕೋರು ತಾವು ನಿಂತಿದ್ದ ಜಾಗದಲ್ಲೇ, ಅವನ ಕಿಟಕಿಗೆ ಎದುರಾಗಿ, ಒಂದು ಹೊಂಗೆ ಸಸಿ ನೆಡಿಸಿದರು. ಈಗ ಅಲ್ಲಿ ಕೆಲಸಕ್ಕೆ ಬಂದ ಜನ ತಂಪಾಗಿ ನಿಲ್ಲುತ್ತಾರೆ. ಒಳಗಿನ ಕೋಣೆಯಲ್ಲಿ ಹಗಲು ಹೊತ್ತಿನಲ್ಲೂ ಲೈಟು ಉರಿಯಬೇಕು.

“ನಿಂತವ್ರಿಗೆ ನೆಳ್ಳು, ಕುಂತವ್ರಿಗೆ ಕತ್ತಲಿ. ಇದಕ್ಕ ಡಿಸೈನ್ ಅಂತಾರ ತಮ್ಮಾ,” ಎಂದು ನನಗೆ ಹೇಳಿ, ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು.

ಅವರು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿಯೊಬ್ಬರ ಮಗಳು. ದೂರದ ಊರಿನಲ್ಲಿ ಓದಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗಿ, ಅಂದರೆ ನೆಲ, ನೀರು, ಗಿಡಗಳ ವಿನ್ಯಾಸ ಮಾಡುವವರಾಗಿ, ಊರಿಗೆ ಮರಳಿದಾಗ, ಆ ಪದವನ್ನು ಸರಿಯಾಗಿ ಹೇಳಬಲ್ಲವರೇ ನಮ್ಮ ಕಡೆ ಇರಲಿಲ್ಲ. ನಾವು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದುವಾಗ ವಾರಕ್ಕೊಮ್ಮೆ ಪಾಠಕ್ಕೆ ಬರುತ್ತಿದ್ದರು. ಮೊದಲ ದಿನವೇ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, “ಅಕ್ಕಾರ, ಇದು ಮಾಲಿ ಕೆಲಸ ಅಲ್ಲೇನ್ರಿ?”

ಅಕ್ಕೋರು ಪಾಠ ಮುಂದುವರಿಸಿದರು. ಮರುವಾರ ನಮ್ಮನ್ನೆಲ್ಲ ಸೇಡಂ ಹತ್ತಿರದ ಒಂದು ಹಳೆಯ ಮೆಟ್ಟಿಲು ಬಾವಿಗೆ ಕರೆದುಕೊಂಡು ಹೋದರು. ನೀರು ಬತ್ತಿ, ಒಳಗೆಲ್ಲ ಪ್ಲಾಸ್ಟಿಕ್ ತುಂಬಿತ್ತು. “ಮೆಟ್ಟಿಲು ಮೂಡಣ ಗ್ವಾಡಿಗೆ ಹತ್ತಿ ಯಾಕ ಅದಾವ, ಹೇಳ್ರಿ,” ಎಂದು ಕೇಳಿದರು. ಆಮೇಲೆ ತಾವೇ ಹೇಳಿದರು, “ಮುಂಜಾನಿ ಕೊಡ ಹೊತ್ತು ಮ್ಯಾಲ ಬರೋ ಹೆಣ್ಮಕ್ಕಳಿಗೆ ಬಿಸಿಲು ಬಡೀಬಾರದು ಅಂತ ಒಬ್ಬಾಂವ ಕುಂತು ಯೋಚನಿ ಮಾಡ್ಯಾನ. ಅವನ ಹೆಸರು ಯಾವ ಕಲ್ಲಿನ ಮ್ಯಾಲೂ ಇಲ್ಲ. ಅವನೇ ನಮ್ಮ ಮುತ್ಯಾ. ಮಾಲಿನೂ ನಮ್ಮ ಮನಿ ಮಂದೀನೇ, ಅದ್ರಾಗ ನಾಚಿಗಿ ಏನದ?”

ತಿರುಗಿ ಬರುವಾಗ ವಾಡಿ ಊರಿನ ಆಚೆ ಬಸ್ಸು ನಿಲ್ಲಿಸಿ, ಸುಣ್ಣದಕಲ್ಲು ತೆಗೆದು ಬಿಟ್ಟ ಖಣಿಗಳನ್ನು ತೋರಿಸಿದರು. ಕಣ್ಣು ಹಾಯುವ ತನಕ ಬರೀ ಗುಂಡಿ. “ಮುತ್ಯಾನ ಕೆಲಸ ನೋಡಿದ್ರಿ. ಮೊಮ್ಮಕ್ಕಳ ಕೆಲಸ ಇದು. ಕಲ್ಲು ಒಯ್ದವ್ರು ತೆಗ್ಗು ಬಿಟ್ಟು ಹೋಗ್ಯಾರ. ಇದನ್ನ ಮಂದಿ ಕುಂದ್ರೋ, ದನ ನೀರು ಕುಡಿಯೋ ಜಾಗಾ ಮಾಡೋದ್ರಾಗ ನಿಮ್ಮ ಜನ್ಮ ಮುಗೀತದ. ನಮ್ಮ ಕೆಲಸ ಇಲ್ಲಿ ಇನ್ನ ಶುರುನೇ ಆಗಿಲ್ಲ.” ಡಿಪ್ಲೊಮಾ ಮುಗಿದ ಮೇಲೆ ನಾನು ನೇರವಾಗಿ ಅವರ ಆಫೀಸಿಗೆ ಹೋಗಿ ನಕ್ಷೆ ಬರೆಯಲು ಕುಳಿತೆ.

ಇನ್ನು ನೀಲಕಂಠರಾವ್. ಅವನು ಕಾಂಟ್ರಾಕ್ಟರ್. ಊರವರೆಲ್ಲ ಅವನಿಗೆ ಸಾವ್ಕಾರ್ರು ಎನ್ನುತ್ತಾರೆ. ಅವನಿಗೆ ಬಹುವಚನ ಹಚ್ಚುವುದು ಈ ಬರಹದಲ್ಲೂ ನನ್ನಿಂದ ಆಗದು.

ಶಹಾಬಾದಿನ ಅಂಚಿಗೆ ಒಂದು ಹಾಳು ಖಣಿ ಇತ್ತು. ಕಲ್ಲು ಪದರ ಪದರವಾಗಿ ಕಡಿದಿದ್ದರಿಂದ ಅಂಚುಗಳು ತಾವಾಗಿಯೇ ಮೆಟ್ಟಿಲಿನಂತಿದ್ದವು, ತಳದಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತಿತ್ತು. ಅದನ್ನು ಉದ್ಯಾನ ಮಾಡಲು ಅಕ್ಕೋರು ಎರಡು ವರ್ಷ ಕುಳಿತು ನಕ್ಷೆ ತಯಾರಿಸಿದರು. ಕಲ್ಲಿನ ಅಂಚು ಕೂರುವ ಕಟ್ಟೆಯಾಗಬೇಕು, ನೀರು ಹಾಗೆಯೇ ಉಳಿಯಬೇಕು, ಸುತ್ತ ಹುಣಸೆ, ಬೇವು, ಬೋರೆ ಬೆಳೆಯಬೇಕು. ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಕೆಲಸದ ಗುತ್ತಿಗೆ ನೀಲಕಂಠರಾವ್‌ಗೆ ಸಿಕ್ಕಿತು. ಅಕ್ಕೋರು ಜ್ವರದಲ್ಲಿ ಮಲಗಿದ್ದ ದಿನಗಳಲ್ಲಿ ಅವನು ಊರಿನ ಮುರಿದ ಗೋಡೆಗಳ ಮಣ್ಣನ್ನೆಲ್ಲ ಟಿಪ್ಪರ್‌ಗಳಲ್ಲಿ ತಂದು ಆ ನೀರಿಗೆ ಸುರಿದ. ಖಣಿ ಸಪಾಟಾಯಿತು. ಮೇಲೆ ಹುಲ್ಲು ಹಾಸಿ, ಸಿಮೆಂಟಿನ ಜಿರಾಫೆ ನಿಲ್ಲಿಸಿ, ಬಣ್ಣದ ಲೈಟಿನ ಕಾರಂಜಿ ಹಾಕಿದ.

ಉದ್ಘಾಟನೆಯ ದಿನ ಅಕ್ಕೋರನ್ನು ವೇದಿಕೆಗೂ ಕರೆದ. ಶಾಲು ಹೊದಿಸಿ ಮೈಕಿನಲ್ಲಿ ಹೇಳಿದ, “ಇವ್ರು ನಮ್ಮ ಮಾಲಿ ಮೇಡಂ. ಭಾಳ ಓದ್ಯಾರ. ಗಿಡಾ ಹಚ್ಚಲಿಕ್ಕೂ ಕಾಲೇಜ್ ಅದ ಅಂತ ಇವ್ರಿಂದನೇ ನನಗ ಗೊತ್ತಾತು!” ಜನ ಹೊಟ್ಟೆ ಹಿಡಿದು ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕೋರು ಶಾಲನ್ನು ನಿಧಾನವಾಗಿ ಮಡಚಿ ವೇದಿಕೆಯ ಪಕ್ಕದಲ್ಲೇ ಇದ್ದ ಜಿರಾಫೆಯ ಕೊರಳಿಗೆ ಹಾಕಿ ಇಳಿದು ಬಂದರು. ಮನೆಗೆ ಹೋಗುವಾಗ ಇಷ್ಟೇ ಅಂದರು: “ಅವ ನನ್ನ ಕೆಲಸಾ ಮಣ್ಣಾಗ ಹುಗದಾನ. ಅವನ ಹೆಸರು ನಾ ಎಲಿಯೊಳಗ ಹುಗೀತೀನಿ.”

ಅವನ ಹೆಸರು ಎಲ್ಲಿತ್ತೆಂದು ಊರಿಗೆಲ್ಲ ಗೊತ್ತಿತ್ತು. ದೊಡ್ಡ ರಸ್ತೆಯಲ್ಲಿ ಅವನು ಕಟ್ಟಿಸಿದ ಅಂಗಡಿಗಳ ಕಟ್ಟಡದ ನೆತ್ತಿಯ ಮೇಲೆ, ಆಳೆತ್ತರದ ಸ್ಟೀಲ್ ಅಕ್ಷರಗಳಲ್ಲಿ ‘ನೀಲಕಂಠ’ ಎಂದು ಹೊಳೆಯುತ್ತಿತ್ತು. ಬಸ್ಸಿನಿಂದ ಇಳಿದವನಿಗೆ ಮೊದಲು ಕಾಣುತ್ತಿದ್ದುದೇ ಅದು.

ಮುಂದಿನ ವರ್ಷ ಆ ರಸ್ತೆಯನ್ನು ಅಗಲ ಮಾಡಿ, ಇದ್ದ ಮರಗಳನ್ನೆಲ್ಲ ಕಡಿದರು. ಹೊಸದಾಗಿ ಗಿಡ ಹಚ್ಚುವ ಕೆಲಸ ಯಾರಿಗೂ ಬೇಡವಾಗಿತ್ತು. ಅಕ್ಕೋರು ಕೇಳಿ ತೆಗೆದುಕೊಂಡರು. ಬಸ್ಸು ಇಳಿದವನ ಕಣ್ಣಿನಿಂದ ಆ ಅಕ್ಷರಗಳಿಗೆ ಗೆರೆ ಎಳೆದು, ಐದು ವರ್ಷಕ್ಕೆ ಬೇವು ಎಷ್ಟು ಎತ್ತರ, ಹತ್ತು ವರ್ಷಕ್ಕೆ ಎಷ್ಟು ಹರವು ಎಂದು ಒಂದೊಂದಾಗಿ ನನ್ನಿಂದ ಬರೆಯಿಸಿದರು. ನೋಟವನ್ನು ತೆರೆಯುವುದು ಹೇಗೆಂದು ಕಲಿಸಿದ್ದ ಅವರೇ ಮುಚ್ಚುವುದು ಹೇಗೆಂದೂ ಕಲಿಸಿದರು. ಅಷ್ಟು ಖುಷಿಯಿಂದ ನಾನು ಯಾವ ನಕ್ಷೆಯನ್ನೂ ಬರೆದಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಶಿಳ್ಳೆ ಹಾಕಬೇಕೆನಿಸುತ್ತದೆ. ಮೊದಲ ಸಸಿ ಹಚ್ಚಲು ನೀಲಕಂಠರಾವ್‌ನನ್ನೇ ಕರೆದರು. ಫೋಟೋ ಎಂದರೆ ಅವನು ಪ್ರಾಣ ಬಿಡುತ್ತಾನೆ. ಬಿಳಿ ಅಂಗಿ ತೊಟ್ಟು ಬಂದು, ಗುದ್ದಲಿ ಹಿಡಿದು, ತನ್ನ ಕಟ್ಟಡದ ಎದುರಿಗೇ ತನ್ನ ಕೈಯಿಂದ ಬೇವು ಹಚ್ಚಿದ. ಪತ್ರಿಕೆಯವರ ಮುಂದೆ ಸಸಿಗಳಿಗೆ ತನ್ನ ಬೋರಿನ ನೀರು ಬಿಡುವುದಾಗಿಯೂ ಹೇಳಿದ. ಆ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟಡದ ಬಾಗಿಲಲ್ಲೇ ತೂಗುಹಾಕಿದ. ಮಾತು ಕೊಟ್ಟ ಮೇಲೆ ನೀರು ಬಿಡದೆ ಗತಿಯಿರಲಿಲ್ಲ. ತನ್ನ ಹೆಸರನ್ನು ನುಂಗುವ ಗಿಡಗಳಿಗೆ ಅವನೇ ನೀರುಣಿಸಿದ.

ಅವನಿಗೆ ವಿಷಯ ಹೊಳೆಯುವ ಹೊತ್ತಿಗೆ ‘ನೀ’ ಕಾಣುತ್ತಿರಲಿಲ್ಲ, ‘ಲ’ ಅರ್ಧ ಹೋಗಿತ್ತು. ಒಂದು ಬೆಳಿಗ್ಗೆ ಗರಗಸದ ಆಳುಗಳನ್ನು ಕರೆತಂದ. ನೆರಳಲ್ಲಿ ಮಿರ್ಚಿ ಭಜಿ ಬಂಡಿ ಹಾಕುವ ರಜಿಯಾ ಬೀ ಬಂಡಿ ಬಿಟ್ಟು ಎದ್ದು ಬಂದು ಮರಕ್ಕೆ ಅಡ್ಡ ನಿಂತಳು. “ಸಾವ್ಕಾರ್ರ, ಈ ಗಿಡಾ ನೀವೇ ಹಚ್ಚೀರಿ. ಬಾಗಿಲದಾಗ ಫೋಟೋ ಅದ, ದಿನಾ ನೋಡ್ತೀನಿ. ಹಚ್ಚಿದ ಕೈಲೇ ಕಡೀತೀರೇನ್ರಿ?” ಆಟೋದವರು ಸುತ್ತ ನೆರೆದರು. ಅವನ ಅಂಗಡಿಗಳ ಬಾಡಿಗೆದಾರರೂ ಗಿರಾಕಿಗಳ ಗಾಡಿಗೆ ನೆರಳು ಬೇಕೆಂದು ಬಂದು ನಿಂತರು. “ಟೊಂಗಿ ಸವರಲಿಕ್ಕ ಬಂದಿದ್ವಿ, ಅಷ್ಟೇ,” ಎಂದು ಒಳಗೆ ಹೋದ. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಫೋಟೋ ಇರಲಿಲ್ಲ.

ಈ ಸುದ್ದಿ ಹೇಳಲು ಓಡಿಹೋದಾಗ ಅಕ್ಕೋರು ನಕ್ಕು ನಕ್ಕು ಕೆಮ್ಮಿದರು. ಆ ಕೆಮ್ಮು ಮತ್ತೆ ನಿಲ್ಲಲಿಲ್ಲ.

ಕೊನೆಯ ಸಲ ನೋಡಿದಾಗ ಮಂಚದ ಮೇಲೆ ಗುಬ್ಬಿಯಷ್ಟಾಗಿದ್ದರು. ನಾನು ಕೂರುವ ಮೊದಲೇ ಕೇಳಿದರು, “ಎಷ್ಟು ಉಳದಾವ?”

“ಠ ಒಂದೇ ಉಳದದರಿ ಅಕ್ಕಾರ.”

“ಅಲ್ಲಿ ಬುಡಕ್ಕ ಕಲ್ಲು ಹತ್ತೇದ. ಅದಕ್ಕೇ ತಡಾ ಆಗಲಿಕತ್ತದ. ಬಿಡಬ್ಯಾಡ, ಗೊಬ್ಬರ ಹಾಕು.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು, “ಅದು ಮುಗದ ಮ್ಯಾಲ ವಾಡಿ ತೆಗ್ಗಿನ ಕಡಿ ಹೋಗು ತಮ್ಮಾ. ಮೊಮ್ಮಕ್ಕಳ ಕೆಲಸ ಹಂಗೇ ಬಿದ್ದದ.”

ಅವರು ತೀರಿಕೊಂಡ ಮೇಲೆ ಊರಿನಲ್ಲಿ ಸಂತಾಪ ಸಭೆ ನಡೆಯಿತು. ಎಲ್ಲರೂ ಅವರನ್ನು ಪ್ರಕೃತಿಪ್ರೇಮಿ, ಕರುಣಾಮಯಿ ಎಂದರು. ಸುಳ್ಳು. ಆ ಬೇವಿನ ಸಾಲು ಕರುಣೆಯಿಂದ ಹುಟ್ಟಿದ್ದಲ್ಲ, ಅಪ್ಪಟ ಸೇಡಿನಿಂದ ಹುಟ್ಟಿದ್ದು. ಹೆಂಗಸು ಸತ್ತ ಕೂಡಲೇ ಆಕೆಯ ಸಿಟ್ಟನ್ನೂ ತೊಳೆದು ದೇವರ ಪಕ್ಕ ಕೂರಿಸುವುದು ನನಗೆ ಸೇರುವುದಿಲ್ಲ. ನೀಲಕಂಠರಾವ್ ಕೂಡ ಬಂದಿದ್ದ. ಕಣ್ಣೊರೆಸಿಕೊಂಡು “ನಮ್ಮ ಮಾಲಿ ಮೇಡಂ” ಎಂದೇ ಮಾತು ಶುರು ಮಾಡಿದ.

ಗಿಡ ಹಚ್ಚಿ ಹತ್ತು ವರ್ಷ ಕಾಯುವ ತಾಳ್ಮೆ ನನಗಿಲ್ಲ. ಅಂದಿನಿಂದ ನಾನು ಅವರ ಹೆಸರನ್ನು ಹಚ್ಚತೊಡಗಿದೆ. ಯಾವ ಆಟೋ ಹತ್ತಿದರೂ “ಜಗದೇವಿ ಅಕ್ಕೋರ ಬೇವಿನ ಸಾಲಿಗೆ ನಡೀರಿ” ಎನ್ನುತ್ತಿದ್ದೆ. ಗೊತ್ತಿಲ್ಲ ಎಂದವರಿಗೆ ದಾರಿ ತೋರಿಸಿ ಕಲಿಸಿದೆ. ರಜಿಯಾ ಬೀ ತನ್ನ ಗಿರಾಕಿಗಳಿಗೆ ಕಲಿಸಿದಳು. ಮಿಕ್ಕಿದ್ದನ್ನು ಬಸ್ ಕಂಡಕ್ಟರುಗಳು ನೋಡಿಕೊಂಡರು. ಕೊನೆಯ ಬೇವಿನ ಬುಡಕ್ಕೆ ಗೊಬ್ಬರ ಹಾಕುವುದನ್ನೂ ನಾನು ಬಿಡಲಿಲ್ಲ.

ಹೋದ ತಿಂಗಳು ವಾಡಿಯ ಖಣಿಯೊಂದನ್ನು ಅಳತೆ ಮಾಡಿ ಬಂದು, ಹಸಿದು, ಆ ನೆರಳಲ್ಲಿ ಭಜಿ ತಿನ್ನುತ್ತಿದ್ದೆ. ತಲೆ ಎತ್ತಿ ನೋಡಿದರೆ ಬರೀ ಎಲೆ. ಠ ಕೂಡ ಇರಲಿಲ್ಲ. ಕಟ್ಟಡದ ಮೆಟ್ಟಿಲ ಮೇಲೆ ನೀಲಕಂಠರಾವ್ ಫೋನಿನಲ್ಲಿ ಕೂಗಾಡುತ್ತಿದ್ದ. ಸರಕು ತಂದ ಲಾರಿ ದಾರಿ ತಪ್ಪಿತ್ತು.

“ಅರೇ, ನೀಲಕಂಠ ಬಿಲ್ಡಿಂಗ್ ಅಂತ ಕೇಳೋ! ಯಾರಿಗೂ ಗೊತ್ತಿಲ್ಲಂತೇನು? ನೀ-ಲ-ಕಂ-ಠ!” ಆ ಕಡೆಯವನು ಏನೋ ಹೇಳಿದ. ಇವನು ನನ್ನನ್ನು ನೋಡಿದ, ಮೇಲೆ ಮರಗಳನ್ನು ನೋಡಿದ. ಆಮೇಲೆ ಮುಖ ಆ ಕಡೆ ತಿರುಗಿಸಿ, ದನಿ ತಗ್ಗಿಸಿ ಹೇಳಿದ, “ಜಗದೇವಿ ಅಕ್ಕೋರ ಬೇವಿನ ಸಾಲು ಅಂತ ಕೇಳು. ಹಾಂ, ಅದೇ. ಅದರ ಹಿಂದ ಬಾ.”

ಅವನ ಬಾಯಿಂದಲೇ ಅವರ ಹೆಸರು ಬಂತು, ಅದೂ ಅಕ್ಕೋರು ಎಂಬ ಮರ್ಯಾದೆಯ ಸಮೇತ. ತಕ್ಷಣ ಅವರಿಗೆ ಹೇಳಬೇಕೆಂದು ಫೋನು ತೆಗೆದೆ. ನಂಬರು ಇನ್ನೂ ಹಾಗೇ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಜೇಬಿಗೆ ಹಾಕಿದೆ. ಆಮೇಲೆ ಅವನಿಗೆ ಕೇಳಿಸುವಂತೆ ಜೋರಾಗಿ ಇನ್ನೊಂದು ಪ್ಲೇಟ್ ಭಜಿ ಹೇಳಿದೆ.